ನೀಗೋರ್ಸ್‌ವೊಲ್ ಮತ್ತು 1935ರ ರೈತ–ಕಾರ್ಮಿಕ ಒಪ್ಪಂದ

ಯುರೋಪಿನ ಕಾರ್ಮಿಕ ಪಕ್ಷಗಳ ಚರಿತ್ರೆಯನ್ನು ದೊಡ್ಡ ನಗರಗಳ ಕಾರ್ಖಾನೆಗಳಿಂದ ಆರಂಭಿಸುವುದು ರೂಢಿ. ನಾರ್ವೆಗೆ ಈ ಚೌಕಟ್ಟು ಒಗ್ಗುವುದಿಲ್ಲ. ಅಲ್ಲಿನ ಲೇಬರ್ ಪಕ್ಷ 1903ರಲ್ಲಿ ಮೊದಲ ಸಲ ಸಂಸತ್ತಿಗೆ ಬಂದದ್ದು ರಾಜಧಾನಿಯಿಂದಲ್ಲ, ಉತ್ತರದ ಮೀನುಗಾರರ ಮತ್ತು ಸಣ್ಣ ಹಿಡುವಳಿದಾರರ ಸೀಮೆಯಿಂದ. 1935ರಿಂದ 1945ರವರೆಗೆ ಪ್ರಧಾನಿಯಾಗಿದ್ದ ಯೋಹಾನ್ ನೀಗೋರ್ಸ್‌ವೊಲ್ ಅವರ ಬದುಕನ್ನು ಈ ಹಿನ್ನೆಲೆಯಲ್ಲೇ ಓದಬೇಕು. ಅವರು 1879ರಲ್ಲಿ ಟ್ರೊಂಡ್‌ಹೈಮ್ ಬಳಿಯ ಹೊಮೆಲ್ವಿಕ್‌ನಲ್ಲಿ ಗೇಣಿದಾರನೊಬ್ಬನ ಮಗನಾಗಿ ಹುಟ್ಟಿದರು. ಎಳೆಯ ವಯಸ್ಸಿನಲ್ಲೇ ಮರ ಕೊಯ್ಯುವ ಮಿಲ್ಲು ಸೇರಿದರು. ಮುಂದೆ ಕೆಲವು ವರ್ಷ ಉತ್ತರ ಅಮೆರಿಕದಲ್ಲಿ ರೈಲುಮಾರ್ಗದ ಕೂಲಿಯಾಗಿಯೂ ದುಡಿದರು. ಗೇಣಿಯ ನೆಲ ಮತ್ತು ಮಿಲ್ಲಿನ ಕೂಲಿ ಒಂದೇ ಮನೆಯ ಬದುಕಾಗಿದ್ದ ಈ ಪರಿಸರವೇ, ಲೇಬರ್ ಪಕ್ಷ ರೈತ ಪಕ್ಷದೊಂದಿಗೆ ಮಾಡಿಕೊಂಡ 1935ರ ರೈತ–ಕಾರ್ಮಿಕ ಒಪ್ಪಂದವನ್ನು ಪಕ್ಷಕ್ಕೆ ಒಪ್ಪಿತವಾಗಿಸಿತು ಎಂಬುದು ಇಲ್ಲಿನ ವಾದ.

ಒಪ್ಪಂದದ ಹಿಂದೆ ಇದ್ದುದು ಬರೀ ಸಂಖ್ಯಾಬಲದ ಲೆಕ್ಕ ಎಂದು ಆಕ್ಷೇಪಿಸಬಹುದು. 1933ರ ಚುನಾವಣೆಯಲ್ಲಿ ಲೇಬರ್ ಪಕ್ಷ 150ರಲ್ಲಿ 69 ಸ್ಥಾನ ಗಳಿಸಿತ್ತು. ಅಧಿಕಾರಕ್ಕೆ ಇತರರ ಬೆಂಬಲ ಬೇಕೇಬೇಕಿತ್ತು. ಅದೇ ವರ್ಷ ಡೆನ್ಮಾರ್ಕ್ ಮತ್ತು ಸ್ವೀಡನ್‌ಗಳಲ್ಲೂ ಇಂಥ ಒಪ್ಪಂದಗಳಾಗಿದ್ದವು. ಆದರೆ ನಾರ್ವೆಯ ಪಕ್ಷ 1919ರಿಂದ 1923ರವರೆಗೆ ಮಾಸ್ಕೋದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್‌ನ ಸದಸ್ಯನಾಗಿದ್ದು, ನೆರೆಯ ಪಕ್ಷಗಳಿಗಿಂತ ಹೆಚ್ಚು ತೀವ್ರಗಾಮಿಯಾಗಿತ್ತು. ಎದುರಿಗಿದ್ದ ರೈತ ಪಕ್ಷವಾದರೋ, ತನ್ನ ಸರ್ಕಾರದಲ್ಲಿ 1931ರಿಂದ 1933ರವರೆಗೆ, ಮುಂದೆ ನಾಜಿಗಳ ಜೊತೆ ಕೈಜೋಡಿಸಿದ ಕ್ವಿಸ್ಲಿಂಗ್‌ರನ್ನೇ ರಕ್ಷಣಾ ಮಂತ್ರಿಯನ್ನಾಗಿ ಇಟ್ಟುಕೊಂಡಿತ್ತು. ಇಷ್ಟು ದೂರದ ಇಬ್ಬರನ್ನು ಸಂಖ್ಯೆಯೊಂದೇ ಕೂಡಿಸಲಾರದು. ಲೇಬರ್ ಪಕ್ಷ ಕೃಷಿಗೆ ನೆರವು ಕೊಟ್ಟು, ತಾನೇ ವಿರೋಧಿಸಿದ್ದ ಮಾರಾಟ ತೆರಿಗೆಯನ್ನು ಒಪ್ಪಿಕೊಂಡಾಗ, ಅದು ಶರಣಾಗತಿಯಲ್ಲ ಎಂದು ಸ್ವಂತ ಬೆಂಬಲಿಗರನ್ನು ನಂಬಿಸಬಲ್ಲ ನಾಯಕ ಬೇಕಿತ್ತು. ಕೂಲಿಯಾಗಿ ದುಡಿದ ನೀಗೋರ್ಸ್‌ವೊಲ್‌ಗೆ ಆ ನೈತಿಕ ಬಲವಿತ್ತು.

ಇದಕ್ಕಿಂತ ಬಲವಾದ ಆಕ್ಷೇಪ 1928ರದು. ಲೇಬರ್ ಪಕ್ಷದ ಮೊದಲ ಪ್ರಧಾನಿ ಕ್ರಿಸ್ತೋಫರ್ ಹಾರ್ನ್ಸ್‌ರೂಡ್ ಸ್ವತಃ ರೈತರು. ಅವರ ಸಂಪುಟದಲ್ಲಿ ಕೃಷಿ ಮಂತ್ರಿಯಾಗಿದ್ದವರು ನೀಗೋರ್ಸ್‌ವೊಲ್ಲರೇ. ಆದರೂ ಸರ್ಕಾರ ಮೂರು ವಾರ ತುಂಬುವ ಮೊದಲೇ ಉರುಳಿತು. ಹಳ್ಳಿಯ ಮೂಲವೊಂದೇ ಸಾಲದು ಎಂಬುದನ್ನು ಇದು ತೋರಿಸುತ್ತದೆ. ವಾದವನ್ನು ಆ ಮಟ್ಟಿಗೆ ತಿದ್ದಿಕೊಳ್ಳಬೇಕು. ಹಾರ್ನ್ಸ್‌ರೂಡ್ ಸರ್ಕಾರ ಸಮಾಜವಾದವೇ ತನ್ನ ಗುರಿಯೆಂದು ಸಾರಿತ್ತು, ಆದರೆ ಅದಕ್ಕೆ ಮಿತ್ರರಿರಲಿಲ್ಲ. 1933ರ ಹೊತ್ತಿಗೆ ಸಂಘಟಿತ ಕಾರ್ಮಿಕರಲ್ಲಿ ಸುಮಾರು ಮೂರನೇ ಒಂದು ಭಾಗ ನಿರುದ್ಯೋಗಿಗಳಾಗಿದ್ದರು, ರೈತರು ಸಾಲದಲ್ಲಿ ಮುಳುಗಿದ್ದರು. ಆಗ ಪಕ್ಷ ಪಟ್ಟಣ ಮತ್ತು ಹಳ್ಳಿ ಕೈಜೋಡಿಸಬೇಕೆಂಬ ಘೋಷಣೆಯೊಂದಿಗೆ ಚುನಾವಣೆಗೆ ಇಳಿಯಿತು. ಮೂಲ ಹಳೆಯದೇ, ಅದನ್ನು ಕಾರ್ಯಕ್ರಮವಾಗಿಸಿದ್ದು ಬಿಕ್ಕಟ್ಟು.

ಒಪ್ಪಂದದ ನಂತರದ ಆರ್ಥಿಕ ಚೇತರಿಕೆಗೆ ಜಾಗತಿಕ ಮಾರುಕಟ್ಟೆಯೂ ಕಾರಣವೆಂಬುದು ನಿಜ. ಆದರೆ 1936ರ ವೃದ್ಧಾಪ್ಯ ಪಿಂಚಣಿ ಮತ್ತು ಕಾರ್ಮಿಕ ರಕ್ಷಣಾ ಕಾಯ್ದೆ, 1938ರ ನಿರುದ್ಯೋಗ ವಿಮೆ ಮಾರುಕಟ್ಟೆಯ ಕೊಡುಗೆಗಳಲ್ಲ. 1940ರ ಜರ್ಮನ್ ಆಕ್ರಮಣಕ್ಕೆ ದೇಶ ಸಜ್ಜಾಗಿರಲಿಲ್ಲ ಎಂದು ಯುದ್ಧಾನಂತರದ ತನಿಖಾ ಆಯೋಗ ನೀಗೋರ್ಸ್‌ವೊಲ್ ಸರ್ಕಾರವನ್ನು ಟೀಕಿಸಿತು. ಆ ಹೊಣೆಯನ್ನು ಗ್ರಾಮೀಣ ಮೂಲದ ಹೆಸರಿನಲ್ಲಿ ಮನ್ನಿಸಲಾಗದು. ಆದರೆ ನಾರ್ವೆಯ ಕಲ್ಯಾಣ ರಾಜ್ಯದ ಬುನಾದಿಯನ್ನು 1945ರ ನಂತರದ ನಗರ ಯೋಜಕರಲ್ಲಿ ಮಾತ್ರ ಹುಡುಕುವ ಚರಿತ್ರೆ, ಅದರ ಮೊದಲ ದಶಕವನ್ನೇ ಕೈಬಿಡುತ್ತದೆ.