ಅಡಕ್ಕೆಯ ಹಳೇ ಲೆಕ್ಕ, ಮಂಗ್ಳೂರ ಬಂದರು

ದೊಡ್ಡ ರಜೆ ಸುರು ಆತು ಹೇಳಿರೆ ಮಕ್ಕೊಗೆ ಒಂದರಿ ಮಂಗ್ಳೂರಿಂಗೆ ಹೋಯೆಕ್ಕು. ಪಣಂಬೂರಿಲ್ಲಿ ಕಡಲು, ಕದ್ರಿ ದೇವಸ್ಥಾನ, ಪಿಲಿಕುಳಲ್ಲಿ ಹುಲಿ, ಅಕೇರಿಗೆ ಒಂದು ಗಡ್‌ಬಡ್ ಐಸ್‌ಕ್ರೀಮು. ಅಲ್ಲಿಗೆ ಪ್ರವಾಸ ಮುಗುತ್ತು. ನಮ್ಮ ಅಜ್ಜಂದ್ರಿಂಗೆ ಹಾಂಗಲ್ಲ. ಅವಕ್ಕೆ ಮಂಗ್ಳೂರು ಹೇಳಿರೆ ಬಂದರು, ಬಂದರು ಹೇಳಿರೆ ಅಡಕ್ಕೆ.

ಈ ಸರ್ತಿ ಎಂಗೊ ಮಕ್ಕಳ ಬಂದರಿಂಗೂ ಕರಕ್ಕೊಂಡು ಹೋದೆಯೊ°. ಸಪೂರ ಮಾರ್ಗ, ಹಂಚಿನ ಮಾಡಿನ ಗೋದಾಮುಗೊ, ಮೆಣಸು, ಗೋಣಿ, ಒಣಮೀನು ಎಲ್ಲ ಸೇರಿದ ವಾಸನೆ. "ಇಲ್ಲಿ ನೋಡ್ಲೆ ಎಂತ ಇದ್ದು?" ಹೇಳಿ ಮಗಳು ಕೇಳಿತ್ತು. ಅದಕ್ಕೆ ಹೇಳಿದ್ದರ ನಿಂಗೊಗೂ ಹೇಳ್ತೆ.

ಸುಮಾರು 900 ವರ್ಷ ಹಿಂದೆ ಅಬ್ರಹಾಂ ಬೆನ್ ಯಿಜು ಹೇಳ್ತ ಯೆಹೂದಿ ವ್ಯಾಪಾರಿ ಒಬ್ಬ° ಮಂಗ್ಳೂರಿಲ್ಲಿ ಇತ್ತಿದ್ದ°. ಉತ್ತರ ಆಫ್ರಿಕದ ಮಹ್ದಿಯಾ ಅವನ ಊರು. ಏಡನ್ ದಾರಿಲಿ ಇಲ್ಲಿಗೆ ಬಂದ°. ಇಲ್ಲಿ ಅಶು ಹೇಳ್ತ ಹೆಣ್ಣಿನ ದಾಸ್ಯಂದ ಬಿಡುಸಿ ಬರೆಸಿದ ಪತ್ರ 1132ರದ್ದು. 1149ಕ್ಕೆ ಅವ° ಪುನಾ ಏಡನಿಂಗೆ ಹೋದ°. ನೆಡುಗಾಣ ವರ್ಷಂಗಳಲ್ಲಿ ಇಲ್ಲಿಂದ ಹಡಗಿಲ್ಲಿ ಅಡಕ್ಕೆ, ಒಳ್ಳೆಮೆಣಸು, ಏಲಕ್ಕಿ, ಕಬ್ಬಿಣ ಕಳುಸಿಗೊಂಡಿತ್ತಿದ್ದ°. ಏಡನಿನ ಸ್ನೇಹಿತರು ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷೆ ಕಳುಸುಗು. ಒಡದ ತಾಮ್ರ ಹಿತ್ತಾಳೆ ಪಾತ್ರಂಗಳನ್ನೂ ಕಳುಸುಗು. ಅದರ ಕರಗುಸಿ ಹೊಸತ್ತು ಮಾಡ್ಲೆ ಬೆನ್ ಯಿಜುವಿನ ಕಾರ್ಖಾನೆ ಇಲ್ಲಿತ್ತು.

ಇದೆಲ್ಲ ನವಗೆ ಗೊಂತಾದ್ದು ಹೇಂಗೆ? ದೇವರ ಹೆಸರು ಬರದ ಕಾಗದವ ಹಾಳು ಮಾಡ್ಲಾಗ ಹೇಳಿ ಯೆಹೂದಿಗಳ ಕ್ರಮ. ಹಾಂಗೆ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಒಂದು ಕೋಣೆಲಿ ಹಳೇ ಕಾಗದಂಗೊ ರಾಶಿ ಬಿದ್ದತ್ತು. ಸೊಲೊಮನ್ ಶೆಕ್ಟರ್ 1896–97ರಲ್ಲಿ ಅದರ ಹೆಚ್ಚಿನ ಪಾಲಿನ ಕೇಂಬ್ರಿಜಿಂಗೆ ತೆಕ್ಕೊಂಡು ಹೋದವು. ಅದರಲ್ಲಿ ಮಂಗ್ಳೂರ ಲೆಕ್ಕವೂ ಇತ್ತು! ಬೆನ್ ಯಿಜುವಿನ ಕೈಕೆಳ ಕೆಲಸ ಮಾಡಿದ ದಾಸನ ಹೆಸರೂ ಆ ಕಾಗದಂಗಳಲ್ಲಿ ಇದ್ದು. ಅವನ ಹುಡ್ಕಿಗೊಂಡು ಅಮಿತಾವ್ ಘೋಷ್ ಇಲ್ಲಿಗೆ ಬಂದವು. ಅದು 'ಬೊಮ್ಮ' ಹೇಳಿ ಇಕ್ಕು ಹೇಳುವಲ್ಲಿಗೆ ಎತ್ತುಲೆ ಬಿ. ಎ. ವಿವೇಕ ರೈ ಸಹಾಯ ಮಾಡಿದವು. ಆ ಕತೆ 1992ರ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಪುಸ್ತಕಲ್ಲಿ ಇದ್ದು.

ಬೆನ್ ಯಿಜು ಹೋಗಿ ಸುಮಾರು 200 ವರ್ಷ ಕಳುದು ಇಬ್ನ್ ಬತೂತ ಬಂದಪ್ಪಗಳೂ ಇಲ್ಲಿ ದೂರದೇಶದ ವ್ಯಾಪಾರಿಗೊ ತುಂಬಿತ್ತಿದ್ದವು. ನೇತ್ರಾವತಿಯೂ ಗುರುಪುರ ಹೊಳೆಯೂ ಸೇರ್ತ ಅಳಿವೆ ಬಾಗಿಲೇ ಇದಕ್ಕೆಲ್ಲ ಕಾರಣ. ಆದರೆ ಹೊಳೆ ಹೊಯಿಗೆಯನ್ನೂ ತತ್ತು. ದೊಡ್ಡ ಹಡಗುಗೊ ಒಳ ಬಪ್ಪಲೆ ಎಡಿಯ. 1974ಕ್ಕೆ ಪಣಂಬೂರಿಲ್ಲಿ ಹೊಸ ಬಂದರು ಸುರು ಆತು. ಅದರಿಂದ ಒಂದು ವರ್ಷ ಮದಲು, 1973ರಲ್ಲಿ, ಅಡಕ್ಕೆ ಬೆಳೆಗಾರರ ಕ್ಯಾಂಪ್ಕೋ ಹುಟ್ಟಿದ್ದೂ ಮಂಗ್ಳೂರಿಲ್ಲಿಯೇ.

ಇಷ್ಟು ಎಂತಕೆ ಹೇಳಿದೆ ಹೇಳಿರೆ, ಬೆನ್ ಯಿಜುವಿನ ಕಾಗದಲ್ಲಿ ಹೆಚ್ಚಾಗಿ ಇಪ್ಪದು ವ್ಯಾಪಾರದ, ಮನೆಯ ಲೆಕ್ಕ. ಎಷ್ಟು ಮಾಲು ಹೋತು, ಎಷ್ಟು ಬಾಕಿ, ಮನೆಗೆ ಎಂತ ಬಂತು – ಹೀಂಗಿಪ್ಪದು. ನಮ್ಮ ಅಟ್ಟಲ್ಲಿಪ್ಪ ಅಜ್ಜನ ಲೆಕ್ಕ ಪುಸ್ತಕಲ್ಲಿಯೂ ಅದೇ ಇಪ್ಪದು: ಅಡಕ್ಕೆ ಕೊಟ್ಟದು, ದೋಣಿ ಬಾಡಿಗೆ, ಅಜ್ಜಿಗೆ ಒಂದು ಸೀರೆ. ಎಂಗಳ ಮನೆಲಿ ಎರಡು ಪುಸ್ತಕ ಮಾಂತ್ರ ಒಳುದ್ದು. ಒಳುದ್ದರ ಒರಳೆ ತಿಂದತ್ತು, ಕೆಲವು ಬೆಶಿನೀರ ಒಲಗೆ ಹೋತು. ಕೈರೋಲ್ಲಿ ಹಾಳು ಮಾಡ್ಲಾಗ ಹೇಳಿ ಮಡಗಿದವು. ನಾವು ಜಾಗೆ ಇಲ್ಲೆ ಹೇಳಿ ಹೊತ್ತುಸುತ್ತು.

ರಜೆಲಿ ಮಂಗ್ಳೂರಿಂಗೆ ಹೋದರೆ ಬಂದರಿನ ದಾರಿಲಿಯೂ ಒಂದರಿ ನೆಡದು ಬನ್ನಿ. ಹೆರಡುವ ಮದಲು ಅಟ್ಟ ಹತ್ತಿ, ಎಂತ ಒಳುದ್ದು ಹೇಳಿ ನೋಡಿಕ್ಕಿ.