‘ಚಾವ್’ ಎಂಬ ದಾಸಭಾವ

ಟಿ.ಬಿ. ಡ್ಯಾಂನಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಹಂಪಿಯ ನದಿದಂಡೆಯ ಪುರಂದರದಾಸರ ಮಂಟಪ ಮುಳುಗುತ್ತದೆ. ನೀರು ಇಳಿದ ಮೇಲೆ ಅದನ್ನು ನೋಡಲು ಬರುವವರಲ್ಲಿ ಇಟಲಿಯವರೂ ಇರುತ್ತಾರೆ.

ಇಟಲಿಗೂ ಈ ಊರಿಗೂ ನಂಟು ಹಳೆಯದು. ವೆನಿಸ್ ಗಣರಾಜ್ಯದ ವರ್ತಕ ನಿಕೊಲೊ ಕಾಂಟಿ ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದಿದ್ದ. ನಗರದ ಸುತ್ತಳತೆ 60 ಮೈಲಿ ಎಂದು ಅವನು ಹೇಳಿದ್ದಾನೆ. ಡಮಾಸ್ಕಸ್‌ನಲ್ಲಿ ಅರಬ್ಬಿಯನ್ನೂ ಮುಂದೆ ಪಾರಸಿಯನ್ನೂ ಕಲಿತದ್ದು ಅವನ ದೀರ್ಘ ಪಯಣಕ್ಕೆ ಒದಗಿಬಂತು.

ಇಟಲಿಯವರ ‘ಚಾವ್’ ಎಂಬ ಮಾತು ಹುಟ್ಟಿದ್ದೂ ವೆನಿಸ್ ಸೀಮೆಯಲ್ಲೇ. ‘ನಾನು ನಿಮ್ಮ ದಾಸ’ ಎಂಬುದು ಅದರ ಮೂಲಾರ್ಥ. ‘ಶರಣು’ ಎಂದು ಕೈಮುಗಿಯುವ ನಮಗೆ ಈ ವಿನಯ ಹೊಸದಲ್ಲ. ಆದರೆ ಕಾಲ ಸರಿದಂತೆ ‘ಚಾವ್’ ಸಲಿಗೆಯ ಮಾತಾಯಿತು. ಗೆಳೆಯರು ಕಂಡಾಗಲೂ ಅದೇ, ಬೀಳ್ಕೊಡುವಾಗಲೂ ಅದೇ. ಹಿರಿಯರಿಗೆ, ಅಪರಿಚಿತರಿಗೆ ಹಾಗೆನ್ನುವುದು ಅಲ್ಲಿನ ರೂಢಿಯಲ್ಲ. ಅವರಿಗೆ ಹಗಲಲ್ಲಿ ‘ಬುವೊನ್ ಜೋರ್ನೊ’, ಸಂಜೆ ‘ಬುವೊನ ಸೇರ’ ಎನ್ನಬೇಕು. ನಮ್ಮ ನೀನು, ನೀವುಗಳಂತೆ ಅಲ್ಲಿ ‘ತು’, ‘ಲೇಯ್’ ಉಂಟು. ಉಪಕಾರ ಸ್ಮರಣೆಗೆ ‘ಗ್ರಾತ್ಸಿಯೆ’. ಅದಕ್ಕೆ ಮರುಮಾತು ‘ಪ್ರೇಗೊ’.

ಅಂದು ಕಾಂಟಿ ಪರಭಾಷೆ ಕಲಿತು ಇಲ್ಲಿಯವರೆಗೆ ಬಂದ. ಇಂದು ಅವನ ನಾಡಿನವರು ಎದುರಾದಾಗ ಅವರ ನುಡಿಯಲ್ಲಿ ಎರಡು ಮಾತಾಡಿದರೆ, ಅದೇ ನಾವು ಸಲ್ಲಿಸುವ ಅತಿಥಿ ಮರ್ಯಾದೆ.