ಬಡಾವಣೆಯ ಗ್ರೂಪು: ಬೆಂಗಳೂರಿನ ನೆರೆಹೊರೆಯವರು ಕೇಳುವುದು, ಹೇಳುವುದು

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಾಯಿಸಿದವರು ಮೊದಲ ವಾರ ಹಾಲಿನವರನ್ನು, ಪೇಪರಿನವರನ್ನು, ಗ್ಯಾಸಿನವರನ್ನು ಗೊತ್ತುಮಾಡಿಕೊಳ್ಳುತ್ತಾರೆ. ಅದರ ಬೆನ್ನಿಗೇ ಪಕ್ಕದ ಮನೆಯವರು ಕೇಳುತ್ತಾರೆ: "ನಿಮ್ಮನ್ನ ಗ್ರೂಪಿಗೆ ಹಾಕಿದಾರಾ?" ಒಂದು ಬೀದಿ, ಒಂದು ಬ್ಲಾಕು ಅಥವಾ ಒಂದು ಅಪಾರ್ಟ್‌ಮೆಂಟಿನ ನಿವಾಸಿಗಳು ಮೊಬೈಲಿನಲ್ಲಿ ಕಟ್ಟಿಕೊಂಡಿರುವ ಈ ಗ್ರೂಪು ಈಗ ನಗರದ ಬಹುತೇಕ ಬಡಾವಣೆಗಳಲ್ಲಿದೆ. ನೀರು ಬಂತೇ, ಕರೆಂಟು ಯಾಕೆ ಹೋಯಿತು, ಕಸದ ಗಾಡಿ ಎಲ್ಲಿದೆ, ಒಳ್ಳೆಯ ಪ್ಲಂಬರ್ ಯಾರು, ಮಗುವಿಗೆ ಜ್ವರ ಬಂದರೆ ಭಾನುವಾರ ಯಾವ ಕ್ಲಿನಿಕ್ ತೆರೆದಿರುತ್ತದೆ ಎಂಬಂಥ ಪ್ರಶ್ನೆಗಳೇ ಅದರ ಜೀವಾಳ.

ಇಲ್ಲಿ ಸಿಗುವ ಸಲಹೆಗಳಲ್ಲಿ ಕೆಲವು ಬೇರೆಲ್ಲೂ ಸಿಗದಷ್ಟು ನಿಖರವಾಗಿರುತ್ತವೆ, ಕೆಲವು ಅಪಾಯಕಾರಿ. ಬೇರ್ಪಡಿಸುವುದು ಅಷ್ಟೇನೂ ಕಷ್ಟವಲ್ಲ. ಹೇಳುವವರ ಮನೆಗೂ ಕೇಳುವವರ ಮನೆಗೂ ಒಂದೇ ಪೈಪು, ಒಂದೇ ಟ್ರಾನ್ಸ್‌ಫಾರ್ಮರ್, ಒಂದೇ ಮೋರಿ ಇರುವ ವಿಷಯದಲ್ಲಿ ನೆರೆಯವರ ಮಾತಿಗೆ ತೂಕವಿದೆ. ಆ ನಂಟು ಇಲ್ಲದ ವಿಷಯದಲ್ಲಿ ಅವರೂ ಎಲ್ಲರಂತೆಯೇ.

ಗ್ರೂಪು ಬೆಳೆದ ಬಗೆ

ಅಪಾರ್ಟ್‌ಮೆಂಟುಗಳಲ್ಲಿ ಇದು ಇಮೇಲಿನಿಂದ ಶುರುವಾಯಿತು. 2000ದ ದಶಕದಲ್ಲಿ ಐಟಿ ಉದ್ಯೋಗಿಗಳಿದ್ದ ಸಮುಚ್ಚಯಗಳು ಯಾಹೂ ಗ್ರೂಪ್ಸ್ ಬಳಸುತ್ತಿದ್ದವು. ಆ ಸೇವೆ 2020ರ ಡಿಸೆಂಬರಿನಲ್ಲಿ ಮುಚ್ಚಿಹೋಯಿತು, ಅಷ್ಟರಲ್ಲಿ ಅಲ್ಲಿ ಯಾರೂ ಉಳಿದಿರಲಿಲ್ಲ. ಬಿಡಿಮನೆಗಳ ಬೀದಿಗಳು ಮಾತ್ರ ಇಮೇಲ್ ಹಂತವನ್ನೇ ಹಾರಿ ನೇರವಾಗಿ ವಾಟ್ಸಾಪಿಗೆ ಬಂದವು. ಒಂದು ಗ್ರೂಪಿನಲ್ಲಿ ಇರಬಹುದಾದವರ ಮಿತಿ 2016ರಲ್ಲಿ 256 ಆಯಿತು, 2022ರಲ್ಲಿ 1024ಕ್ಕೆ ಏರಿತು. ಮಿತಿ ಏರಿದ್ದರಿಂದ ಅನುಕೂಲವೇ ಆಯಿತೆಂದು ಹೇಳಲಾರೆ. ಐವತ್ತು ಮನೆಗಳ ಗ್ರೂಪಿನಲ್ಲಿ ಪ್ರಶ್ನೆಗೆ ಉತ್ತರ ಬರುತ್ತದೆ, ಎಂಟುನೂರು ಜನರ ಗ್ರೂಪಿನಲ್ಲಿ ಬರುವುದು ಹೆಚ್ಚಾಗಿ ಗುಡ್ ಮಾರ್ನಿಂಗ್ ಚಿತ್ರ. ದೊಡ್ಡ ಸಮುಚ್ಚಯಗಳು ಬಾಗಿಲ ಬಳಿ ಬಂದವರ ಲೆಕ್ಕ, ನಿರ್ವಹಣಾ ಶುಲ್ಕ ಇತ್ಯಾದಿಗೆ ಮೈಗೇಟ್, ಅಡ್ಡಾ ಮುಂತಾದ ಆ್ಯಪ್‌ಗಳಿಗೆ ಹೋದವು. ಹಾಗಿದ್ದರೂ ಹರಟೆ, ಜಗಳ, ಸಲಹೆ ಮೂರೂ ವಾಟ್ಸಾಪಿನಲ್ಲೇ ಉಳಿದವು.

2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ ಇದೇ ಗ್ರೂಪುಗಳಲ್ಲಿ ಜನ ಆಕ್ಸಿಜನ್ ಸಿಲಿಂಡರ್, ಆಸ್ಪತ್ರೆ ಹಾಸಿಗೆ, ಪ್ರತ್ಯೇಕವಾಸದಲ್ಲಿದ್ದ ಮನೆಗೆ ಊಟ ಹುಡುಕಿದರು. ಅದುವರೆಗೆ ಗ್ರೂಪಿನಿಂದ ದೂರವೇ ಇದ್ದ ಹಿರಿಯರೂ ಆಗ ಸೇರಿಕೊಂಡರು.

"ನೀರು ಬಂತಾ?"

ಬೇಸಿಗೆಯಲ್ಲಿ ಅತಿ ಹೆಚ್ಚು ಸಲ ಕೇಳಿಬರುವ ಪ್ರಶ್ನೆ ಇದು. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯ ಕಡೆಯಿಂದ ಹಂತಹಂತವಾಗಿ ಮೇಲೆತ್ತಲ್ಪಟ್ಟು ಬರುತ್ತದೆ. ಕಾವೇರಿ ಯೋಜನೆಯ ಮೊದಲ ನಾಲ್ಕು ಹಂತಗಳಿಂದ ದಿನಕ್ಕೆ 145 ಕೋಟಿ ಲೀಟರ್ ಸಿಗುತ್ತಿತ್ತು. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೇ ಹಂತ 77.5 ಕೋಟಿ ಲೀಟರ್ ಸೇರಿಸುವ ಯೋಜನೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿಯೇ ಅದನ್ನು ರೂಪಿಸಿದ್ದು. ಇಷ್ಟೆಲ್ಲ ಇದ್ದೂ ಮನೆಯ ಸಂಪಿಗೆ ನೀರು ಬೀಳುವುದು ಬೀದಿಯ ವಾಲ್ವು ತಿರುಗಿದಾಗಲೇ. ದಿನ ಬಿಟ್ಟು ದಿನ, ಕೆಲವು ಗಂಟೆ, ಕೆಲವೊಮ್ಮೆ ನಡುರಾತ್ರಿ. ಹೀಗಾಗಿ ವಾಲ್ವ್‌ಮನ್ ಬಂದು ಹೋದ ಸುದ್ದಿಗೆ ಗ್ರೂಪಿನಲ್ಲಿ ಇರುವ ಬೆಲೆ ಮಂತ್ರಿಗಳ ಭೇಟಿಗೂ ಇಲ್ಲ.

ಮಾತುಕತೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. "ಇವತ್ತು ನೀರು ಬಂತಾ?" "ಥರ್ಡ್ ಕ್ರಾಸಲ್ಲಿ ಬಂತು, ಫೋರ್ಸ್ ಇಲ್ಲ." "ನಮಗೆ ಬರೀ ಗಾಳಿ." "ಕೆಳಗಿನ ಮನೆಯವರು ಮೋಟರ್ ಹಾಕಿ ಎಳೀತಿದಾರೆ, ಅದಕ್ಕೇ." ಈ ನಾಲ್ಕು ಸಾಲಿನಲ್ಲಿ ಒಂದು ತಾಂತ್ರಿಕ ಪರೀಕ್ಷೆಯೇ ನಡೆದುಹೋಗಿದೆ. ತಗ್ಗಿನಲ್ಲಿರುವ ಮನೆಗೆ ಮೊದಲು ನೀರು, ದಿಣ್ಣೆಯ ಮೇಲಿನ ಮನೆಗೆ ಕೊನೆಗೆ. ಸರಬರಾಜು ಪೈಪಿಗೇ ಮೋಟರ್ ಹಚ್ಚುವುದು ಕಾನೂನುಬಾಹಿರ, ಸಿಕ್ಕಿಬಿದ್ದರೆ ಜಲಮಂಡಳಿ ದಂಡ ಹಾಕುತ್ತದೆ. ಬರೀ ಗಾಳಿ ಬಂದರೆ ಪೈಪಿನಲ್ಲಿ ಏರ್ ಹಿಡಿದಿರಬಹುದು.

ವಾಸನೆಯ ವಿಷಯದಲ್ಲೂ ಹೀಗೆಯೇ. ಒಂದೇ ಮನೆಯ ನೀರು ನಾರಿದರೆ ಆ ಮನೆಯ ಸಂಪಿನಲ್ಲಿ ದೋಷ, ಸಾಲಾಗಿ ಮೂರು ಮನೆಯ ನೀರು ನಾರಿದರೆ ಕುಡಿಯುವ ನೀರಿನ ಪೈಪಿಗೆ ಒಳಚರಂಡಿ ಸೇರಿಕೊಂಡಿದೆ. ಮೊದಲ ಎರಡು ಬಕೆಟ್ ಮೋರಿಗೆ ಬಿಡಿ, ಸಂಪಿನ ಮುಖ ಮುಚ್ಚಿ, ಕೂಡಲೇ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ ಎನ್ನುವ ಸಲಹೆ ಸರಿಯಾದದ್ದೇ. ಎಂಜಿನಿಯರ್ ಬಂದು ರಸ್ತೆ ಅಗೆಯುವ ಮೊದಲೇ ತೊಂದರೆ ಯಾವ ಎರಡು ಮನೆಗಳ ನಡುವೆ ಇದೆ ಎಂಬುದು ಗ್ರೂಪಿಗೆ ಗೊತ್ತಿರುತ್ತದೆ.

2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ದರ ಕೈಗೆಟುಕದಂತಾದಾಗ ಬೆಂಗಳೂರು ನಗರ ಜಿಲ್ಲಾಡಳಿತ ದರ ನಿಗದಿ ಮಾಡಿತು: ಐದು ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000. ಅದೇ ತಿಂಗಳು ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ದರ ನಿಗದಿಯ ಆದೇಶದ ಪ್ರತಿಯನ್ನು ಟ್ಯಾಂಕರ್ ಚಾಲಕನಿಗೆ ತೋರಿಸಿದರೆ "ಅವರ ಹತ್ತಿರಾನೇ ತರಿಸ್ಕೊಳ್ಳಿ" ಎಂದು ಗಾಡಿ ತಿರುಗಿಸಿದ್ದೂ ಉಂಟು. ಬೀದಿಯವರೆಲ್ಲ ಸೇರಿ ಒಬ್ಬನೇ ಟ್ಯಾಂಕರಿನವನ ಹತ್ತಿರ ತಿಂಗಳ ಲೆಕ್ಕ ಮಾತಾಡಿಕೊಂಡ ಕಡೆ ಚೌಕಾಸಿಗೆ ಸ್ವಲ್ಪ ಬಲ ಬಂತು.

ಬೋರ್ ನೀರಿನ ಗಡಸುತನ ಇನ್ನೊಂದು ನಿತ್ಯದ ಮಾತು. ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ, ನಲ್ಲಿಯ ಬಾಯಲ್ಲಿ ಸುಣ್ಣದ ಹರಳು, ಬೇಯದ ಬೇಳೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. ಪಕ್ಕದ ಮನೆಯವರು ಒಮ್ಮೆ ಪರೀಕ್ಷೆ ಮಾಡಿಸಿದ್ದರೆ ಆ ಅಂಕಿ ನಿಮಗೂ ಸುಳಿವು ಕೊಡುತ್ತದೆ. ಪೂರ್ತಿ ನಂಬುವಂತಿಲ್ಲ, ಒಂದೇ ಬೀದಿಯ ಎರಡು ಬೋರುಗಳು ಬೇರೆ ಬೇರೆ ಆಳದ ಬಿರುಕಿನಿಂದ ನೀರೆತ್ತುತ್ತಿರಬಹುದು.

ಕರೆಂಟು, ಕಸ ಮತ್ತು ಕುಂಬಳಕಾಯಿ

ಕರೆಂಟು ಹೋದ ಕೂಡಲೇ ಬರುವ ಸಂದೇಶ "ನಿಮ್ಮಲ್ಲಿ ಇದೆಯಾ?" ನಮ್ಮ ಮನೆಯಲ್ಲಿ ಮಾತ್ರ ಇಲ್ಲವೆಂದರೆ ನಮ್ಮದೇ ಫ್ಯೂಸು. ಬೀದಿಯಲ್ಲಿ ಒಂದು ಮನೆಯಲ್ಲಿದ್ದು ಮುಂದಿನದರಲ್ಲಿ ಇಲ್ಲವೆಂದರೆ ಒಂದು ಫೇಸ್ ಹೋಗಿದೆ. ಎಲ್ಲರಿಗೂ ಇಲ್ಲವೆಂದರೆ ಟೀಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಅಥವಾ ಅದರಾಚೆಯ ಲೈನು. ಇವುಗಳಿಗಿಂತ ತುರ್ತಿನದು ಒಂದಿದೆ: ಒಂದು ಮನೆಯಲ್ಲಿ ಬಲ್ಬು ಮಿಣುಕುತ್ತಾ ಇನ್ನೊಂದರಲ್ಲಿ ಕಣ್ಣು ಕುಕ್ಕುವಷ್ಟು ಉರಿಯುತ್ತಿದ್ದರೆ ನ್ಯೂಟ್ರಲ್ ತಂತಿ ಕಡಿದಿರುವ ಸಂಭವವಿದೆ. ಆಗ ಕೆಲವು ಮನೆಗಳಿಗೆ 230 ವೋಲ್ಟಿಗಿಂತ ಬಹಳ ಹೆಚ್ಚು ನುಗ್ಗಿ ಫ್ರಿಜ್ಜು, ಟೀವಿ ಸುಟ್ಟುಹೋಗುತ್ತವೆ. "ಎಲ್ಲರೂ ಮೇನ್ ಆಫ್ ಮಾಡಿ" ಎಂದು ಯಾರಾದರೊಬ್ಬರು ಬೇಗ ಬರೆದರೆ ಬೀದಿಗೆ ಲಕ್ಷಾಂತರ ರೂಪಾಯಿ ಉಳಿಯುತ್ತದೆ. ಬೆಸ್ಕಾಂ ಸಹಾಯವಾಣಿ 1912.

2023ರ ಆಗಸ್ಟಿನಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಜಾರಿಯಾದ ಮೇಲೆ ಕರೆಂಟಿನ ಪ್ರಶ್ನೆಗಳ ಸ್ವರೂಪವೂ ಬದಲಾಯಿತು. ಬಾಡಿಗೆದಾರರಿಗೂ ಸಿಗುತ್ತದೆಯೇ? ಸಿಗುತ್ತದೆ. ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಜೋಡಣೆ ಬಿಡಿಸದೇ ಹೋಗಿದ್ದಾರೆ, ಈಗೇನು? ಡಿ-ಲಿಂಕ್ ಮಾಡಿಸಬೇಕು. ಇಂಥ ಉತ್ತರವನ್ನು ಮೊದಲು ಕಚೇರಿಗೆ ಅಲೆದು ಬಂದ ಯಾರೋ ಒಬ್ಬರು ಬರೆದಿರುತ್ತಾರೆ, ಆಮೇಲೆ ಹತ್ತು ಜನರ ಅಲೆದಾಟ ತಪ್ಪುತ್ತದೆ.

ಕಸದ್ದು ಜಗಳದ ವಿಷಯ. ಮಂಡೂರಿನ ಗ್ರಾಮಸ್ಥರ ಹೋರಾಟದಿಂದ 2014ರ ಕೊನೆಗೆ ಅಲ್ಲಿ ನಗರದ ಕಸ ಸುರಿಯುವುದು ನಿಂತಿತು. ಮರುವರ್ಷ ಹೈಕೋರ್ಟು ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಡಯಾಪರ್, ಪ್ಯಾಡ್ ಮುಂತಾದವಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಗ್ರೂಪಿನಲ್ಲಿ ಇಂದಿಗೂ ಕೇಳುತ್ತಾರೆ, ತೆಂಗಿನ ಚಿಪ್ಪು ಯಾವುದಕ್ಕೆ? ಎಣ್ಣೆ ಹತ್ತಿದ ಪಾರ್ಸೆಲ್ ಕವರ್ ಯಾವುದಕ್ಕೆ? (ಕವರನ್ನು ತೊಳೆದರೆ ಒಣ ಕಸಕ್ಕೆ ಎನ್ನುವ ಉತ್ತರ ಬಂದ ಮೇಲೆ ಮೌನ ಆವರಿಸುತ್ತದೆ.) ಮೂಲೆ ಸೈಟಿನಲ್ಲಿ ರಾತ್ರಿ ಕಸ ಎಸೆದು ಹೋಗುವವರ ಸ್ಕೂಟರಿನ ಫೋಟೊ, ಅದರ ಕೆಳಗೆ "ಇವರು ನಮ್ಮ ಬೀದಿಯವರಲ್ಲ" ಎಂಬ ಸಮಾಧಾನ ಎಲ್ಲ ಬಡಾವಣೆಯಲ್ಲೂ ಉಂಟು.

ಆಯುಧಪೂಜೆಯ ಮರುದಿನ ರಸ್ತೆ ತುಂಬ ಒಡೆದ ಬೂದುಗುಂಬಳ. "ದಯವಿಟ್ಟು ಕುಂಕುಮ ಹಚ್ಚಿದ ಹೋಳುಗಳನ್ನು ಪಕ್ಕಕ್ಕೆ ಸರಿಸಿ, ಬೈಕಿನವರು ಜಾರುತ್ತಾರೆ" ಎಂಬ ಸಂದೇಶ ವರ್ಷಕ್ಕೊಮ್ಮೆ ತಪ್ಪದೇ ಬರುತ್ತದೆ. ಅದನ್ನು ಓದಿ ಯಾರಾದರೂ ಪೊರಕೆ ಹಿಡಿದು ಹೊರಟರೆ ಗ್ರೂಪು ಸಾರ್ಥಕ.

"ಯಾರಾದರೂ ಒಳ್ಳೆಯವರಿದ್ದರೆ ಹೇಳಿ"

ಪ್ಲಂಬರ್, ಎಲೆಕ್ಟ್ರಿಷಿಯನ್, ಸಂಪು ತೊಳೆಯುವವರು, ಅಡುಗೆಯವರು, ಮನೆಕೆಲಸದವರು. ಕೆಲಸಗಾರರಿಗೆ ಇದರಿಂದ ಲಾಭವುಂಟು: ಒಂದು ಮನೆಯಲ್ಲಿ ಚೆನ್ನಾಗಿ ಕೆಲಸ ಮಾಡಿದವರಿಗೆ ವಾರದೊಳಗೆ ಇನ್ನೂ ನಾಲ್ಕು ಮನೆ ಸಿಗುತ್ತದೆ. ಹಾನಿಯೂ ಅಷ್ಟೇ ಬೇಗ. "ಇವರನ್ನು ಕರೀಬೇಡಿ, ಬೆಳ್ಳಿ ಲೋಟ ಕಾಣ್ತಿಲ್ಲ" ಎಂದು ಒಬ್ಬ ಮಹಿಳೆಯ ಫೋಟೊ ಹಾಕಿದರೆ ಇಡೀ ಬಡಾವಣೆಯಲ್ಲಿ ಆಕೆಗೆ ಕೆಲಸವಿಲ್ಲ. ಲೋಟ ಮರುದಿನ ಅಟ್ಟದ ಮೇಲೆ ಸಿಕ್ಕಿದ್ದನ್ನು ಬರೆಯುವವರು ಕಡಿಮೆ. ಆಕೆ ಗ್ರೂಪಿನಲ್ಲಿ ಇಲ್ಲ, ತನ್ನ ಮೇಲೆ ಹೊರಿಸಿದ್ದೇನು ಎಂಬುದೂ ಆಕೆಗೆ ತಿಳಿಯುವುದಿಲ್ಲ.

ಇದು ಈ ವ್ಯವಸ್ಥೆಯ ದೊಡ್ಡ ಕೊರತೆ. ಪೌರಕಾರ್ಮಿಕರು, ವಾಲ್ವ್‌ಮನ್, ವಾಚ್‌ಮನ್, ಲೈನ್‌ಮನ್, ಮನೆಕೆಲಸದವರು ದಿನವಿಡೀ ಮಾತಿಗೆ ವಸ್ತುವಾಗುತ್ತಾರೆ, ಮಾತಿಗೆ ಪಾಲುದಾರರಾಗುವುದಿಲ್ಲ. ಮನೆಕೆಲಸಕ್ಕೆ ಇಷ್ಟೇ ಕೊಡೋಣ, ಯಾರೂ ರೇಟು ಕೆಡಿಸಬೇಡಿ ಎಂದು ಮನೆಯೊಡತಿಯರು ಒಪ್ಪಂದ ಮಾಡಿಕೊಳ್ಳುವ ಗ್ರೂಪುಗಳಿವೆ. ಕರ್ನಾಟಕ 2004ರಲ್ಲೇ ಮನೆಕೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ತಂದಿದೆ ಎಂಬುದನ್ನು ಆ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಬಾಡಿಗೆದಾರರ ಸ್ಥಿತಿಯೂ ಅರ್ಧಂಬರ್ಧ. ಹಲವು ಅಪಾರ್ಟ್‌ಮೆಂಟುಗಳಲ್ಲಿ ಓನರುಗಳದ್ದೇ ಬೇರೆ ಗ್ರೂಪು, ತೀರ್ಮಾನವಾಗುವುದು ಅಲ್ಲಿ.

ನಾಯಿ

ಬೀದಿನಾಯಿಯಷ್ಟು ಗ್ರೂಪುಗಳನ್ನು ಒಡೆದದ್ದು ರಾಜಕೀಯವೂ ಅಲ್ಲ. ಅನ್ನ ಹಾಕುವವರು ಒಂದು ಕಡೆ, ಮಕ್ಕಳನ್ನು ಟ್ಯೂಷನ್ನಿಗೆ ಕಳಿಸಲು ಹೆದರುವವರು ಇನ್ನೊಂದು ಕಡೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ನಾಯಿಗೆ ಆಹಾರ ಹಾಕುವ ಜಾಗ ಗೊತ್ತುಮಾಡುವ ಹೊಣೆಯನ್ನು ನಿವಾಸಿಗಳ ಸಂಘ ಅಥವಾ ಸ್ಥಳೀಯ ಸಂಸ್ಥೆಯ ಮೇಲೆ ಹಾಕಿವೆ. ಜಾಗ ಮಕ್ಕಳ ಆಟದ ಮೈದಾನ, ಮೆಟ್ಟಿಲು, ಪ್ರವೇಶದ್ವಾರಗಳಿಂದ ದೂರವಿರಬೇಕು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟು ಕೂಡ ನಿಗದಿತ ಜಾಗದಲ್ಲೇ ಆಹಾರ ಹಾಕಬೇಕೆಂದಿತು. ಇಷ್ಟನ್ನು ತಿಳಿದುಕೊಂಡು ಮಾತಿಗೆ ಕೂತರೆ ಅರ್ಧ ಜಗಳ ಕಡಿಮೆ. ಕಚ್ಚಿಸಿಕೊಂಡವರಿಗೆ ಅರಿಶಿನ, ಖಾರದ ಪುಡಿ ಹಚ್ಚಿ ಎಂಬ ಸಲಹೆಯನ್ನು ಮಾತ್ರ ಅಲ್ಲೇ ಅಳಿಸಬೇಕು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗುವುದೊಂದೇ ದಾರಿ.

ಗಾಳಿಸುದ್ದಿ

2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಫಾರ್ವರ್ಡ್ ಸಂದೇಶಗಳು ಬೆಂಗಳೂರಿನಲ್ಲಿ ಹರಿದಾಡಿ, ಚಾಮರಾಜಪೇಟೆಯಲ್ಲಿ ರಾಜಸ್ಥಾನ ಮೂಲದ ಅಮಾಯಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಎರಡೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನ ಹತ್ಯೆಯಾಯಿತು. ದೇಶದ ಬೇರೆಡೆಗಳಲ್ಲೂ ಹೀಗೆ ಸಾವುಗಳಾದ ಮೇಲೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವಂತೆ ವಾಟ್ಸಾಪ್ ಮಿತಿ ಹಾಕಿತು. ಬಹಳ ಸಲ ದಾಟಿಬಂದ ಸಂದೇಶಕ್ಕೆ 2020ರಿಂದ ಒಂದೇ ಕಡೆ.

ಈ ಸಂದೇಶಗಳಲ್ಲಿ "ನಮ್ಮ ಏರಿಯಾದಲ್ಲೇ" ಎಂದಿರುತ್ತದೆ, ಅಡ್ಡರಸ್ತೆ ಯಾವುದೆಂದು ಇರುವುದಿಲ್ಲ. ನಿಜವಾದ ನೆರೆಯವರು ಅಡ್ಡರಸ್ತೆ ಹೇಳದೇ ಸುದ್ದಿಯನ್ನೇ ಹೇಳುವುದಿಲ್ಲ. "ಬಿಲ್ ಕಟ್ಟಿಲ್ಲ, ಇಂದು ರಾತ್ರಿ 9.30ಕ್ಕೆ ಕರೆಂಟು ಕಡಿತ, ಈ ನಂಬರಿಗೆ ಫೋನ್ ಮಾಡಿ" ಎಂಬ ವಂಚನೆಯೂ ಇದೇ ಜಾಡಿನದು. ದುಡ್ಡು ಹೋಗಿದ್ದರೆ ಗ್ರೂಪಿಗೆ ಬರೆಯುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಎಷ್ಟು ಬೇಗ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಅಡ್ಮಿನ್

ಸಾಮಾನ್ಯವಾಗಿ ನಿವೃತ್ತ ಬ್ಯಾಂಕ್ ನೌಕರರೋ ಮನೆಯಿಂದಲೇ ಕೆಲಸ ಮಾಡುವವರೋ ಈ ಸಂಬಳವಿಲ್ಲದ ಹುದ್ದೆಯಲ್ಲಿರುತ್ತಾರೆ. ಸದಸ್ಯರು ಬರೆದದ್ದಕ್ಕೆ ಅಡ್ಮಿನ್ ಜೈಲಿಗೆ ಹೋಗುತ್ತಾರೆಂಬ ಹೆದರಿಕೆ ಆಗಾಗ ಏಳುತ್ತದೆ. ಬೇರೊಬ್ಬರ ಆಕ್ಷೇಪಾರ್ಹ ಬರಹಕ್ಕೆ ಅಡ್ಮಿನ್ ಎಂಬ ಒಂದೇ ಕಾರಣದಿಂದ ಅಪರಾಧಿಯಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟು 2022ರಲ್ಲಿ ಹೇಳಿವೆ.

ಗ್ರೂಪಿನಿಂದ ಕಚೇರಿಗೆ

ಗ್ರೂಪಿನಲ್ಲಿ ಮೂವತ್ತು ಜನ ಬೈದರೂ ಅದು ದೂರಲ್ಲ. ದೂರಾಗಬೇಕಾದರೆ ಯಾರಾದರೊಬ್ಬರು ಸಹಾಯವಾಣಿಗೆ ಫೋನ್ ಮಾಡಿ ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ ಕೊಟ್ಟು, ದೂರಿನ ಸಂಖ್ಯೆ ಪಡೆಯಬೇಕು. ಅನುಭವಸ್ಥ ಬೀದಿಗಳಲ್ಲಿ ಆ ಸಂಖ್ಯೆಯನ್ನು ಗ್ರೂಪಿನಲ್ಲಿ ಹಾಕುತ್ತಾರೆ, ಉಳಿದವರು ಅದೇ ಸಂಖ್ಯೆ ಹೇಳಿ ಮತ್ತೆ ಮತ್ತೆ ವಿಚಾರಿಸುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದ ಮೇಲೆ ಹೊಸದೊಂದು ಪ್ರಶ್ನೆ ಹುಟ್ಟಿಕೊಂಡಿತು: ನಮ್ಮ ಬೀದಿ ಯಾವ ಪಾಲಿಕೆಗೆ? ಗಡಿಯಲ್ಲಿರುವ ರಸ್ತೆಗಳಲ್ಲಿ ಎಡಬದಿಯವರಿಗೆ ಒಂದು ಕಚೇರಿ, ಬಲಬದಿಯವರಿಗೆ ಇನ್ನೊಂದು ಆಗುವುದೂ ಉಂಟು. ನಡುವಿನ ಗುಂಡಿಯ ಬಗ್ಗೆ ದೂರು ಕೊಡುವವರು ಮೊದಲು ಎದುರುಮನೆಯವರನ್ನು ಕೇಳಿಕೊಳ್ಳುತ್ತಾರೆ.